ಭಂಡಾರದ ಡಬ್ಬಿ

ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುವ ಅವಧೂತ ಎಂಬವನಂಥ ಮಡಿವಂತ ಕುಡುಕ ಪುಣೆಯಲ್ಲಿ ಇನ್ನೊಬ್ಬನಿಲ್ಲ. ಎಚ್‌ಐವಿಯ ಗುಳಿಗೆ ಅವನಿಗೆ ಜೇಜುರಿ ಖಂಡೋಬಾನ ಪ್ರಸಾದ. ಕುಡಿದ ದಿನ ಬಾಯಿಗೆ ಸೋಕಿಸುವವನಲ್ಲ. "ಕುಡದ್ರೂ ಗುಳಿಗಿ ತಪ್ಪಸಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರಲ್ರೀ," ಎಂದು ಹೆಂಡತಿ ಇಂದೂ ಅಂಗಲಾಚಿದರೆ, "ಹೊಲಸ ಬಾಯಾಗ ಪ್ರಸಾದ ಹಾಕ್ಕೊಂತಾರೇನ? ಮುಂಜಾನೆ ತಗೋತೀನಿ," ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದ. ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಬಾಟಲಿ ತೆರೆದು ಎಣಿಸಿದಾಗ ಒಂದು ಗುಳಿಗೆಯೂ ಹೆಚ್ಚಿಗೆ ಉಳಿದಿರುತ್ತಿರಲಿಲ್ಲ; ಹಾಗಾಗಿ ಮುಂಜಾನೆ ನುಂಗುತ್ತಾನೆಂದೇ ಇಂದೂ ನಂಬಿದಳು. ಆದರೂ ರಕ್ತದಲ್ಲಿ ವೈರಸ್ ಏರಿತು, ಮೈ ಸೊರಗಿತು. ಖಂಡೋಬಾನ ಹಬ್ಬವಾದ ಚಂಪಾಷಷ್ಠಿಯ ಬೆಳಿಗ್ಗೆ, ಏಳಲಾರದೆ ಮಲಗಿದ್ದವನ ಹಣೆಗೆ ದೇವರ ಅರಿಶಿನ, ಭಂಡಾರ, ಹಚ್ಚಲೆಂದು ಅವಳು ದೇವರ ಮುಂದಿನ ಡಬ್ಬಿಗೆ ಬೆರಳಿಟ್ಟಳು. ಅರಿಶಿನದ ಪುಡಿಯಡಿಯಲ್ಲಿ ಹಳದಿ ಹತ್ತಿದ ಗುಳಿಗೆಗಳು, ತಳದ ತನಕ. "ಪ್ರಸಾದ ಚೆಲ್ಲಬಾರದಲ್ಲ, ಇಂದೂ," ಎಂದ ಅವಧೂತ, ಕಣ್ಣು ತೆರೆಯದೆ.