ತಕ್ಕಡಿ ಸಾಹೇಬನ ಮುದುಕರ ತಂಡ

ತಕ್ಕಡಿ ಸಾಹೇಬ ಅನ್ನುವುದು ಪೇಟೆಯ ಅಂಗಡಿಯವರು ಅವನಿಗೆ ಇಟ್ಟ ಹೆಸರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ಇನ್‌ಸ್ಪೆಕ್ಟರ್. ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಒಳಗೆ ಕೊರೆದು ಟೊಳ್ಳು ಮಾಡಿದ ತೂಕದ ಕಲ್ಲು, ಮೊದಲ ಇಂಚನ್ನೇ ಕತ್ತರಿಸಿದ ಅಳತೆಕೋಲು, ಎಲ್ಲವನ್ನೂ ಕಂಡವನು. ಕಂಡು ಕಂಡು ಅವನ ಕಣ್ಣಿಗೆ ಲೋಕದಲ್ಲಿ ನೆಟ್ಟಗಿರುವುದೇ ಕಾಣದಂತಾಗಿತ್ತು. ಹೆಂಡತಿ ತಂದ ತರಕಾರಿಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗುತ್ತಿದ್ದ. ಯಾರಾದರೂ ಹೊಗಳಿದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. "ಮದುವೆ ಆಗೋವಾಗ ನನ್ನ ಮೈಮೇಲೆ ಸರಕಾರದ ಮುದ್ರೆ ಹುಡುಕಲಿಲ್ಲವಲ್ಲ, ಅದೇ ನನ್ನ ಪುಣ್ಯ" ಎನ್ನುತ್ತಿದ್ದಳು ಹೆಂಡತಿ. ಹುಡುಕಿದ್ದನೋ ಏನೋ, ಯಾರು ಬಲ್ಲರು.

ಇಂಥವನಿಗೂ ಒಂದು ಹುಚ್ಚಿತ್ತು. ಕಂಪ್ಯೂಟರಿನ ಬೇಸ್‌ಬಾಲ್. ಎಂಟು ಜನ, ಎಂಟು ತಂಡ. ಮೈದಾನವಿಲ್ಲ, ಚೆಂಡಿಲ್ಲ, ಬೆವರಂತೂ ಇಲ್ಲವೇ ಇಲ್ಲ. ಆಟಗಾರರೆಲ್ಲ ಕಂಪ್ಯೂಟರ್ ಹುಟ್ಟಿಸಿದ ಬರೀ ಹೆಸರುಗಳು. ಆದರೂ ಅವರಿಗೆ ವಯಸ್ಸಾಗುತ್ತದೆ, ತೋಳು ನೋಯುತ್ತದೆ, ಒಂದು ದಿನ ನಿವೃತ್ತಿಯಾಗುತ್ತಾರೆ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕೊಟ್ಟು ಯಾರನ್ನು ತರಬೇಕು ಅನ್ನುವುದಷ್ಟೇ ಈ ಎಂಟು ಜನರ ಕೆಲಸ. ಪ್ರತಿ ಭಾನುವಾರ ಬೆಳಿಗ್ಗೆ ಔಷಧಿ ಅಂಗಡಿಯವನು ತನ್ನ ಯಂತ್ರದಲ್ಲಿ ಆ ವಾರದ ಪಂದ್ಯಗಳನ್ನು ಓಡಿಸಿ ಫಲಿತಾಂಶವನ್ನು ಎಲ್ಲರಿಗೂ ಕಳಿಸುತ್ತಿದ್ದ.

ಪ್ರತಿ ಆಟಗಾರನ ಹೆಸರಿನ ಮುಂದೆ ಎರಡು ಅಂಕಿ ಇರುತ್ತವೆ. ಇವತ್ತು ಅವನು ಎಷ್ಟರವನು ಅನ್ನುವುದು ಒಂದು. ಮುಂದೆ ಎಷ್ಟರವನಾಗಬಹುದು ಅನ್ನುವುದು ಇನ್ನೊಂದು. ಈ 'ಆಗಬಹುದು' ಅನ್ನುವ ಮಾತು ತಕ್ಕಡಿ ಸಾಹೇಬನಿಗೆ ಆಗಿಬರುತ್ತಿರಲಿಲ್ಲ. ಮುದ್ರೆಯಿಲ್ಲದ ತೂಕವನ್ನು ಯಾವ ಅಂಗಡಿಯಲ್ಲೂ ಒಪ್ಪದವನು ಇಲ್ಲಿ ಒಪ್ಪುತ್ತಾನೆಯೇ. ಇವತ್ತಿನ ಅಂಕಿ ನೋಡಿ ನೋಡಿ ಅನುಭವಸ್ಥರನ್ನೇ ಕೂಡಿಹಾಕಿದ್ದ. ಮೂವತ್ತೈದಕ್ಕಿಂತ ಕೆಳಗಿನವರು ಅವನ ತಂಡದಲ್ಲಿ ಇಬ್ಬರೋ ಮೂವರೋ. ಉಳಿದವರು ಅದನ್ನು ವೃದ್ಧಾಶ್ರಮ ಎಂದು ಕರೆಯುತ್ತಿದ್ದರು. ಕರೆಯಲಿ, ವೃದ್ಧಾಶ್ರಮ ಎರಡು ಸಲ ಕಪ್ ಗೆದ್ದಿತ್ತು.

ಅವನ ಅಕ್ಕನದು ಶಿಶುವಿಹಾರ. ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಎರಡು ಬೀದಿ ಆಚೆ ಅವಳ ಟೈಲರ್ ಅಂಗಡಿ. ಹದಿನಾರು, ಹದಿನೇಳರ ಹುಡುಗರನ್ನು ಆರಿಸಿ ತಂದು ಬೆಳೆಸುವುದು ಅವಳ ರೀತಿ. "ಬೆಳೆಯುವ ಸಿರಿ ಮೊಳಕೆಯಲ್ಲಿ ಕಣೋ" ಎಂದು ಅವಳು, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ನಿನ್ನ ಕಸುಬೇ ಅಲ್ವಾ" ಎಂದು ಇವನು. ಒಂಬತ್ತು ವರ್ಷದಲ್ಲಿ ಅವಳು ಒಮ್ಮೆಯೂ ಗೆದ್ದಿರಲಿಲ್ಲ. ಸೋತಾಗಲೆಲ್ಲ ಅವಳ ಬಾಯಲ್ಲಿ ಒಂದೇ ಮಾತು, ಮುಂದಿನ ವರ್ಷ ನೋಡ್ತಿರು.

ಅಂಥ ಅಕ್ಕ ಒಂದು ಸೋಮವಾರ ಫೋನ್ ಮಾಡಿ, "ನಿನ್ನ ತಾತನ್ನ ನನಗೆ ಕೊಡು, ನನ್ನ ಚಿಗುರನ್ನ ತಗೋ" ಎಂದಳು.

ತಾತ ಎಂದರೆ ಸಾಹೇಬನ ತಂಡದ ಮೂವತ್ತೊಂಬತ್ತು ವರ್ಷದ ಪಿಚರ್. ಚೆಂಡು ಎಸೆಯುವುದರಲ್ಲಿ ಎಂಟು ತಂಡಕ್ಕೂ ಮೊದಲಿಗ, ಆದರೆ ಹೆಚ್ಚೆಂದರೆ ಇನ್ನೊಂದು ವರ್ಷದ ಗಿರಾಕಿ. ಚಿಗುರು ಹತ್ತೊಂಬತ್ತರ ಬ್ಯಾಟುಗಾರ. ಇವತ್ತಿಗೆ ನಲವತ್ತೊಂದು, ಮುಂದಕ್ಕೆ ತೊಂಬತ್ತು. ಅವನನ್ನು ಅಕ್ಕ ಮೂರು ವರ್ಷದಿಂದ ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಯೋಚನೆ ಮಾಡಿ ಹೇಳ್ತೀನಿ" ಎಂದು ಫೋನ್ ಇಟ್ಟ ಸಾಹೇಬನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಅದರಲ್ಲೂ ತಾನಾಗಿ ಮನೆಬಾಗಿಲಿಗೆ ಬಂದ ಹಾಲನ್ನು ಎರಡು ಸಲ ನೋಡಬೇಕು. ಚಿಗುರಿನ ಕಾಲು ಮುರಿಯಲಿದೆಯೇ? ಮುಂದಿನ ಅಂಕಿ ಇಳಿಯಲಿದೆಯೇ? ಹಾಗಿದ್ದರೆ ಅಕ್ಕನಿಗೆ ಯಾರು ಹೇಳಿದರು? ಯಂತ್ರ ಇರುವುದು ಔಷಧಿ ಅಂಗಡಿಯವನ ಕೈಯಲ್ಲಿ. ಅಕ್ಕ ಇತ್ತೀಚೆಗೆ ವಾರಕ್ಕೆರಡು ಸಲ ಆ ಅಂಗಡಿಗೆ ಹೋಗಿಬರುವುದನ್ನು ಇವನೇ ನೋಡಿದ್ದ. ಅದಲುಬದಲಿಗೆ ಕೊನೆಯ ದಿನ ಶನಿವಾರ. ತಾತನಿದ್ದರೆ ಈ ವರ್ಷದ ಕಪ್ ಮೂರನೆಯ ಸಲ ತನ್ನದು, ಅದನ್ನು ತಪ್ಪಿಸಲು ಇಬ್ಬರೂ ಸೇರಿ ಏನೋ ಹೂಡಿದ್ದಾರೆ ಎಂದು ಬುಧವಾರದ ಹೊತ್ತಿಗೆ ಅವನಿಗೆ ಖಾತ್ರಿಯಾಗಿತ್ತು.

ಗುರುವಾರ ತನಿಖೆಯ ನೆಪದಲ್ಲಿ ಔಷಧಿ ಅಂಗಡಿಗೆ ಹೋದ. ಪುಡಿ ತೂಗುವ ಪುಟ್ಟ ತಕ್ಕಡಿಯನ್ನು ಮೂರು ಸಲ ನೋಡಿದ. ಅದು ಸರಿಯಾಗಿತ್ತು, ಅದೂ ಅವನಿಗೆ ಹಿಡಿಸಲಿಲ್ಲ.

"ನಮ್ಮಕ್ಕ ಇಲ್ಲಿಗೆ ಬಹಳ ಬರ್ತಾಳಂತೆ" ಎಂದ, ತಕ್ಕಡಿಯಿಂದ ಕಣ್ಣೆತ್ತದೆ.

"ಬರ್ತಾರೆ ಸಾರ್."

"ಏನು ಮಾತಾಡ್ತೀರಿ?"

ಔಷಧಿ ಅಂಗಡಿಯವನು ಗಲ್ಲಾದ ಮೇಲಿನ ಬಟ್ಟೆಯನ್ನು ಮಡಿಸಿದ, ಮತ್ತೆ ಬಿಚ್ಚಿದ. "ಗಿರಾಕಿಗಳ ವಿಷಯ ನಾನು ಹೇಳೋ ಹಾಗಿಲ್ಲ ಸಾರ್. ಅವರನ್ನೇ ಕೇಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡು ಸಾಹೇಬ ಅಲ್ಲಿಂದ ಸೀದಾ ಅಕ್ಕನ ಅಂಗಡಿಗೆ ನಡೆದ.

ಅಕ್ಕ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿದು, "ಬಂದ್ಯೇನೋ, ಟೀ ತರ್ತೀನಿ" ಎಂದು ಒಳಗೆ ಹೋದಳು. ಸಾಹೇಬ ಸುಮ್ಮನೆ ಕೂರುವ ಪೈಕಿಯಲ್ಲ. ಕಣ್ಣು ಕತ್ತರಿಸುವ ಮೇಜಿನ ಮೇಲೆ ಓಡಿತು. ಅಲ್ಲಿ ಅವಳ ಅಳತೆಯ ಟೇಪು. ಅದರ ಅಂಚಿನುದ್ದಕ್ಕೂ ದಪ್ಪ ದಾರದ ಗಂಟುಗಳು, ಇಂಚಿಗೊಂದು.

ಟೇಪನ್ನು ತಿದ್ದಿದ್ದಾರೆ! ಇಪ್ಪತ್ತಾರು ವರ್ಷದ ಅಭ್ಯಾಸ, ಕೈ ತಾನಾಗಿ ಚೀಲಕ್ಕೆ ಹೋಯಿತು. ನನ್ನ ಅಕ್ಕನೇ, ನನ್ನ ಮೂಗಿನ ಕೆಳಗೇ. ಚೀಲದಿಂದ ಇಲಾಖೆಯ ಉಕ್ಕಿನ ಪಟ್ಟಿ ತೆಗೆದು ಟೇಪಿನ ಪಕ್ಕ ಇಟ್ಟ. ಮೊದಲ ಗಂಟು ಸರಿ. ಹತ್ತನೆಯದು ಸರಿ. ಮೂವತ್ತಾರನೆಯದೂ ಕೂದಲೆಳೆಯಷ್ಟು ತಪ್ಪಿರಲಿಲ್ಲ. ಅಳತೆ ಸರಿಯಿರುವ ಟೇಪಿಗೆ ಇಷ್ಟು ಗಂಟು ಹಾಕುವ ಕಷ್ಟ ಯಾಕೆ ಎಂದು ಬೆರಳಾಡಿಸುತ್ತ ಕೂತ. ಬೆರಳು ತಾನೇ ಎಣಿಸತೊಡಗಿತು. ಏಳು, ಎಂಟು, ಒಂಬತ್ತು. ಎಣಿಸುವುದಕ್ಕೆ ಕಣ್ಣು ಬೇಕಾಗಿರಲಿಲ್ಲ.

ಮೂಲೆಯ ಕಂಪ್ಯೂಟರಿನ ಕಡೆ ನೋಡಿದ. ಪರದೆಯ ತುಂಬ ಒಂದೇ ಹೆಸರು, ಅಂಗೈಯಗಲದ ಅಕ್ಷರಗಳಲ್ಲಿ.

ಆಗ ಎಲ್ಲ ತಿಳಿಯಿತು. ಔಷಧಿ ಅಂಗಡಿಯಿಂದ ಅವಳು ತರುತ್ತಿದ್ದುದು ಕಣ್ಣಿನ ಹನಿ. ಟೈಲರಮ್ಮನಿಗೆ ಕಣ್ಣು ಕಾಣದು ಎಂದು ಗೊತ್ತಾದರೆ ನಾಳೆಯೇ ಗಿರಾಕಿಗಳು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ, ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಚಿಗುರಿನಲ್ಲಿ ಯಾವ ಮೋಸವೂ ಇರಲಿಲ್ಲ. ಎಳೆಯರನ್ನು ಕೊಟ್ಟು ಮುದುಕನನ್ನು ಕೇಳುವವರು ಮುಂದಿನ ವರ್ಷವನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದೇ ಅರ್ಥ. ಆಟ ಬಲ್ಲ ಯಾರಿಗಾದರೂ ಹೊಳೆಯಬೇಕಾಗಿದ್ದ ಮಾತು. ನಾಲ್ಕು ದಿನ ಕಳ್ಳನನ್ನು ಹುಡುಕುತ್ತ ಅಲೆದವನಿಗೆ ತನ್ನ ಮೇಲೆ ನಾಚಿಕೆಯಾಯಿತು, ಅಳುವೂ ಬಂತು.

ಟೀ ಹಿಡಿದು ಬಂದ ಅಕ್ಕ ತಲೆ ಓರೆ ಮಾಡಿ ನಿಂತಳು. "ಏನು ಯೋಚನೆ ಮಾಡ್ದೆ?"

ತಗೋ ಅಕ್ಕ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡ. ಒಂದೇ ಮಾತಿಗೆ ಒಪ್ಪಿದರೆ ಇವಳಿಗೆ ವಾಸನೆ ಹೊಡೆಯುತ್ತದೆ. ಇವಳೂ ಇವನ ಅಕ್ಕನೇ ತಾನೆ.

"ಚಿಗುರೊಬ್ಬನೇ ಸಾಲಲ್ಲ. ಆ ಎಡಗೈ ಪಿಚರ್ ಹುಡುಗನೂ ಬೇಕು."

"ನಿನಗೆ ಹೊಟ್ಟೆಗೆ ಏನು ತಿನ್ನಿಸಿ ಬೆಳೆಸಿದೆನೋ ನಾನು" ಎಂದಳು ಅಕ್ಕ. ಅರ್ಧ ಗಂಟೆ ಜಗಳವಾಡಿದರು. ಕೊನೆಗೆ ಎಡಗೈಯವನನ್ನೂ ಕೊಟ್ಟಳು. ಬೈಯುತ್ತಲೇ ಕೊಟ್ಟಳು, ಆದರೆ ಅವಳ ಮುಖ ಅರಳಿತ್ತು.

ತಾತ ಹೋದ ಮೇಲೆ ವೃದ್ಧಾಶ್ರಮ ಮಕಾಡೆ ಮಲಗಿತು. ಅಕ್ಕನ ತಂಡ ಗೆಲ್ಲುತ್ತ ಗೆಲ್ಲುತ್ತ ಫೈನಲ್ ಮುಟ್ಟಿತು, ಎದುರಾಳಿ ಔಷಧಿ ಅಂಗಡಿಯವನ ತಂಡ. ಆ ಭಾನುವಾರ ಅಕ್ಕ ಹೇಳಿಕಳಿಸಿದಳು, ಕಂಪ್ಯೂಟರ್ ಕೆಟ್ಟಿದೆ, ನಿನ್ನ ಫೋನಿನಲ್ಲಿ ನೋಡಿ ಓದು ಬಾ ಎಂದು. ಕೆಟ್ಟಿದೆಯಂತೆ ಎಂದು ಇವನೂ ನಂಬಿದವನಂತೆ ಹೋದ.

ಕೈಕಟ್ಟಿ ಕೂತಿದ್ದಳು. ಸಾಹೇಬ ಫೋನ್ ತೆರೆದ. ಕಣ್ಣು ಮೊದಲು ಕೊನೆಯ ಸಾಲಿಗೇ ಹೋಯಿತು. ಏಳು ಸುತ್ತು ತಡೆದ ತಾತನ ತೋಳು ಎಂಟನೆಯದರಲ್ಲಿ ಸೋತಿತ್ತು. ಮೂರು, ನಾಲ್ಕು. ಮೂರು ಅಕ್ಕನದು.

ಕೋಣೆಯಲ್ಲಿ ಅವರಿಬ್ಬರೇ. ಎರಡು ಅಂಕಿ ಅದಲುಬದಲು ಮಾಡಿ ಓದಿದರೆ ಆಯಿತು, ಒಂಬತ್ತು ವರ್ಷದ ಆಸೆ ತೀರಿದ ಹಾಗೆ. ಔಷಧಿ ಅಂಗಡಿಯವನಿಗೆ ಒಂದು ಮಾತು ಹೇಳಿದರೆ ಅವನೂ ಬಾಯಿ ಬಿಡುವವನಲ್ಲ. ತಕ್ಕಡಿ ಸಾಹೇಬ ತನ್ನ ಜನ್ಮದಲ್ಲಿ ಮೊದಲ ಸಲ ತಪ್ಪು ತೂಕಕ್ಕೆ ಮನಸ್ಸು ಮಾಡಿದ. ಬಾಯಿ ತೆರೆದ. ಆಗಲಿಲ್ಲ.

"ಮೂರು, ನಾಲ್ಕು" ಎಂದ. "ಸೋತೆ ಅಕ್ಕ. ಎಂಟನೇ ಸುತ್ತಲ್ಲಿ ಹೋಯ್ತು."

ಅಕ್ಕ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಗೆದ್ದೆ ಅಂತ ಓದ್ತೀಯ ಅಂದ್ಕೊಂಡಿದ್ದೆ" ಎಂದಳು. "ಹಾಗೇನಾದ್ರೂ ಓದಿದ್ರೆ ಉಳಿದ ಆರು ಜನಕ್ಕೂ ಫೋನ್ ಮಾಡಿ ವಿಚಾರಿಸ್ತಿದ್ದೆ."

"ನನ್ನ ಮೇಲೂ ಅನುಮಾನವಾ?"

"ನನ್ನ ಕಣ್ಣಿನ ವಿಷಯ ನಿನಗೆ ಗೊತ್ತಾಗಿ ಎಷ್ಟು ದಿನ ಆಯ್ತೋ?"

ಸಾಹೇಬ ಹೇಳಿದ. ಅಕ್ಕ ಹುಬ್ಬು ಗಂಟಿಕ್ಕಿ, "ಹಾಗಾದ್ರೆ ತಾತನ್ನ ಅಯ್ಯೋ ಪಾಪ ಅಂತ ಕೊಟ್ಯಾ?" ಎಂದಳು.

"ಪಾಪ ಅಂದಿದ್ರೆ ಎಡಗೈಯವನನ್ನ ಯಾಕೆ ಕಿತ್ಕೊಳ್ತಿದ್ದೆ?"

ಅದನ್ನು ಅವಳು ತೂಗಿ ನೋಡಿದಳು. ಸರಿಯೆನಿಸಿರಬೇಕು. ಸೋತದ್ದನ್ನು ಸೋತದ್ದೆಂದೇ ಓದುವ ಬಾಯಿಯೊಂದು ಮನೆಯಲ್ಲೇ ಇರುವಾಗ ಆಟ ಬಿಡುವುದೇಕೆ ಎಂದೂ ಅನ್ನಿಸಿರಬೇಕು. ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು, "ಮುಂದಿನ ವರ್ಷಕ್ಕೆ ಹೊಸ ಹುಡುಗರ ಪಟ್ಟಿ ಬಂದಿದ್ಯಾ?" ಎಂದಳು. "ಓದು. ಎರಡೂ ಅಂಕಿ ಓದು."

ಇಪ್ಪತ್ತು ಹೆಸರುಗಳು. ಸಾಹೇಬ ಒಂದೊಂದಾಗಿ ಓದಿದ. ಹದಿನಾಲ್ಕನೆಯವನು ಹದಿನೇಳು ವರ್ಷದವನು, ಇವತ್ತಿಗೆ ಮೂವತ್ತೆಂಟು, ಮುಂದಕ್ಕೆ ತೊಂಬತ್ನಾಲ್ಕು. ಚಿಗುರನ್ನು ಇಟ್ಟುಕೊಂಡ ಮೇಲೆ ಎಳೆಯರ ರುಚಿ ಇವನಿಗೂ ಹತ್ತಿತ್ತು, ಈ ಹುಡುಗನ ಮೇಲೆ ಮುಂಜಾನೆಯೇ ಕಣ್ಣು ಹಾಕಿದ್ದ. ಒಂದು ಸಾಲು ಹಾರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಉಗುಳು ನುಂಗಿ ಅದನ್ನೂ ಓದಿದ, ಹದಿನೈದನೆಯ ಹೆಸರಿಗೆ ಹೋದ.

"ತಡಿ" ಎಂದಳು ಅಕ್ಕ. "ಆ ಹುಡುಗನ ಹತ್ರ ಯಾಕೋ ನಿಂತೆ?"

"ಎಲ್ಲಿ ನಿಂತೆ, ಇಲ್ವಲ್ಲ."

"ಅವನನ್ನ ನನ್ನ ಹೆಸರಿಗೆ ಬರ್ಕೋ."

ಸಾಹೇಬ ಬರೆದುಕೊಂಡ. ಬರೆದದ್ದನ್ನು ಅವಳು ಇನ್ನೊಮ್ಮೆ ಓದಿಸಿದಳು.