ಕಬ್ಬೂರಿನ ಬದುವಿನ ನೀಲಿ ಹೂವು

"ಯಾರ್ರಿ ನೀವು? ನಮ್ಮ ಹೊಲದ ಫೋಟೋ ಯಾಕ ತೆಗಿಯಾಕತ್ತೀರಿ?"

ಗೆಳೆಯರೇ, ಇವತ್ತು ಬೆಳಿಗ್ಗೆ ಕಬ್ಬೂರಿನ ಹತ್ತಿರ ಕಾಲುದಾರಿಯಲ್ಲಿ ಮಂಡಿಯೂರಿ, ಬದುವಿನ ಮೇಲಿದ್ದ ನೀಲಿ ಕಾಡುಹೂವುಗಳಿಗೆ ಮೊಬೈಲ್ ಹಿಡಿದಿದ್ದೆ. ತಿರುಗಿದರೆ ಕುಡಗೋಲು ಹಿಡಿದ ರೈತರೊಬ್ಬರು.

"ಹೂವಿನ ಫೋಟೋ ರೀ, ಕಾಕಾ."

"ಈ ಕಸದ್ದು? ಯಾರ ಮುಂದ ಹೇಳ್ತೀರಿ! ಹುಡುಗಿ ಕಡೆಯವ್ರು ಹೊಲ ನೋಡಿ ಬಾ ಅಂತ ಕಳಿಸ್ಯಾರ, ಹೌದಲ್ರಿ?"

ಅಲ್ಲವೆಂದು ಆಣೆ ಮಾಡಿದೆ. ಅವರ ಅನುಮಾನ ಇನ್ನೂ ಗಟ್ಟಿಯಾಯಿತು.

"ಗುಪ್ಚುಪ್ ಬಂದವ್ರು ಹಿಂಗ ಹೇಳ್ತಾರ್ರಿ!" ಎಂದವರೇ ಬಗ್ಗಿ, ಅಷ್ಟೂ ಹೂವುಗಳನ್ನು ಕುಡಗೋಲಿನಿಂದ ಸವರಿಬಿಟ್ಟರು. "ಬದುವಿನಾಗ ಕಸ ಕಂಡ್ರ ನಮ್ಮ ಹುಡುಗ ಮೈಗಳ್ಳ ಅಂತಾರ. ಈಗ ತೆಗೀರಿ. ಹಿಂದ ಕಬ್ಬು ಪೂರಾ ಬರಲಿ."

ತೆಗೆದೆ. ಫೋಟೋದಲ್ಲಿ ಬೋಳು ಬದು ಇದೆ, ಆಳೆತ್ತರದ ಕಬ್ಬಿದೆ. ಮದುವೆಗೆ ಹುಡುಗಿ ಇದ್ದವರು ತಿಳಿಸಿ. ಹೊಲವನ್ನಂತೂ ನೋಡಿ ಬಂದಿದ್ದೇನೆ.