ಜಂಪರಿನ ಹುಕ್ಕು, ಲೋಕಲ್ಲಿನ ಕೊಂಡಿ

ಆಷಾಢದಲ್ಲಿ ಹೊಸ ಬ್ಲೌಸ್ ಹೊಲಿಸುವವರು ಕಡಿಮೆ. ಆ ಧೈರ್ಯದ ಮೇಲೆಯೇ ನಾನು ಅವ್ವನ ಕಟಿಂಗ್ ಟೇಬಲ್ಲಿನ ಮೇಲೆ ಕಣ್ಣಿಟ್ಟದ್ದು. ಡೊಂಬಿವಲಿಯ ನಮ್ಮ ಮನೆಯಲ್ಲಿ ನಾಲ್ಕಡಿ ಉದ್ದ, ಮೂರಡಿ ಅಗಲದ ಸಮತಟ್ಟಾದ ಜಾಗ ಬೇರೆಲ್ಲೂ ಇಲ್ಲ. ನನ್ನ ಮಾದರಿ ರೈಲಿಗೆ ಬೇಕಾಗಿದ್ದದ್ದೂ ಸರಿಯಾಗಿ ಅಷ್ಟೇ ಜಾಗ. ಇದು ಅದೃಷ್ಟವಲ್ಲ, ಟೇಬಲ್ ಅಳೆದುಕೊಂಡೇ ನಾನು ಹಳಿ ಕೊಂಡಿದ್ದೆ.

ಅವ್ವ ವಿಜಯಪುರದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು ಹೊಲಿಗೆ ಕಲಿತು, ಈಗ ನಮ್ಮ ಕಟ್ಟಡದ ಅರ್ಧ ಹೆಂಗಸರ ಅಳತೆ ಅವಳಿಗೆ ಬಾಯಿಪಾಠ. ನಾನು ಸಂಖ್ಯಾಶಾಸ್ತ್ರ ಓದಿದವಳು. ವಾರಕ್ಕೆರಡು ದಿನ ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಯ ಆಫೀಸಿಗೆ ಹೋಗುತ್ತೇನೆ, ಉಳಿದ ದಿನ ಮನೆಯಿಂದಲೇ ಕೆಲಸ. ರೈಲಿನ ಹುಚ್ಚಿನ ಬಗ್ಗೆ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಕೇಳಿದರೆ ವಿವರಿಸಬೇಕಾಗುತ್ತದೆ, ವಿವರಿಸಿದರೆ ಅವರು ನಗುತ್ತಾರೆ, ಇಲ್ಲವೇ ಫೋಟೋ ಕೇಳುತ್ತಾರೆ. ಎರಡೂ ನನಗೆ ಆಗಿಬರುವುದಿಲ್ಲ.

ಅಪ್ಪ ತಂದುಕೊಟ್ಟ ಪ್ಲೈವುಡ್ ಹಲಗೆಯನ್ನು ಟೇಬಲ್ಲಿನ ಮೇಲೆ ಹಾಸಿ, ಅದರ ಮೇಲೆ ಮೊಟ್ಟೆಯಾಕಾರದಲ್ಲಿ ಹಳಿ ಜೋಡಿಸಿದೆ. ಒಂದು ಬದಿಗೆ ಥರ್ಮಾಕೋಲಿನ ಪ್ಲಾಟ್‌ಫಾರ್ಮ್. ಇನ್ನೊಂದು ಬದಿಗೆ ಹಳೆಯ ಪತ್ರಿಕೆ ಮತ್ತು ಪ್ಲಾಸ್ಟರಿನಿಂದ ಮುಂಬ್ರಾ ಕಡೆಯ ಗುಡ್ಡ, ಅದರೊಳಗೊಂದು ಸುರಂಗ. ಸೋಸಿ ಒಣಗಿಸಿದ ಚಹಾಪುಡಿ ಮಣ್ಣಾಯಿತು. ಪಾತ್ರೆ ತಿಕ್ಕುವ ಸ್ಪಂಜನ್ನು ಚೂರು ಮಾಡಿ ಹಸಿರು ಬಣ್ಣದಲ್ಲಿ ಅದ್ದಿದರೆ ಪೊದೆ. ವಿಠ್ಠಲವಾಡಿಯ ಬಡಗಿಯೊಬ್ಬನಲ್ಲಿ ಕೇಳಿ ತಂದ ಮರದ ಹೊಟ್ಟು ಹಳಿಯ ಅಕ್ಕಪಕ್ಕದ ಹುಲ್ಲು. ಗಾಡಿ ಮಾತ್ರ ಅಂಗಡಿಯಲ್ಲಿ ಸಿಗುವ ವಿದೇಶಿ ಗಾಡಿಯಾಗಿರಬಾರದು ಎಂದು ಹಟ. ಕೊಂಡ ಗಾಡಿಯ ಮೈ ಬಿಚ್ಚಿ, ಚಕ್ರ ಮೋಟಾರು ಇಟ್ಟುಕೊಂಡು, ಕಾರ್ಡ್‌ಬೋರ್ಡಿನಿಂದ ಲೋಕಲ್ ರೈಲಿನ ನಾಲ್ಕು ಡಬ್ಬಿ ಕಟ್ಟಿದೆ. ಕಿಟಕಿಯ ಸರಳುಗಳನ್ನೂ ಬಿಡದೆ.

ತೊಂದರೆ ಶುರುವಾದದ್ದು ಡಬ್ಬಿಗಳನ್ನು ಜೋಡಿಸುವ ಕೊಂಡಿಯಲ್ಲಿ. ಅಂಗಡಿಯ ಕೊಂಡಿ ಹಾಕಿದರೆ ಎರಡು ಡಬ್ಬಿಗಳ ನಡುವೆ ಬೆರಳು ತೂರುವಷ್ಟು ಸಂದು. ನಿಜವಾದ ಲೋಕಲ್ಲಿನಲ್ಲಿ ಡಬ್ಬಿಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ಹಾಗಾಗಿ ಅದನ್ನು ಕಿತ್ತು, ತಂತಿಯನ್ನು ಬಗ್ಗಿಸಿ, ಸರಿಯಾಗಿ ಎರಡು ಮಿಲಿಮೀಟರ್ ಸಂದು ಉಳಿಯುವಂತೆ ನಾನೇ ಕೊಂಡಿ ಮಾಡಿದೆ. ನೇರ ಹಳಿಯಲ್ಲಿ ಗಾಡಿ ನೋಡಲು ಎಷ್ಟು ಚೆಂದವಿತ್ತೆಂದರೆ ಒಬ್ಬಳೇ ನಕ್ಕೆ. ತಿರುವಿಗೆ ಬಂದ ಕೂಡಲೇ ಮೂರನೆಯ ಡಬ್ಬಿ ಹಳಿ ಬಿಟ್ಟು ಚಹಾಪುಡಿಯಲ್ಲಿ ಮಲಗಿತು. ತಂತಿ ಬದಲಿಸಿದೆ. ಮತ್ತೆ ಅಳೆದೆ. ಮತ್ತೆ ಮಲಗಿತು.

ಅಷ್ಟರಲ್ಲಿ ಶ್ರಾವಣ ಬಂತು, ಬ್ಲೌಸ್ ಪೀಸುಗಳೂ ಬಂದವು. ಅವ್ವ ನೆಲದ ಮೇಲೆ ಚಾಪೆ ಹಾಸಿ ಬಟ್ಟೆ ಕತ್ತರಿಸತೊಡಗಿದಳು. ಪ್ರತಿ ಸಲ ಏಳುವಾಗಲೂ ಮೊಣಕಾಲಿಗೆ ಕೈಯಿಟ್ಟು "ಅಯ್ಯ ಶಿವನ" ಎನ್ನುತ್ತಿದ್ದಳು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಒಂದ್ ಮಾತ್ ಹೇಳ್ತೀನಿ ಕೇಳ್ ಬೇ," ಎಂದಳು ಒಂದು ಬೆಳಿಗ್ಗೆ. "ಈ ರವಿವಾರದಾಗ ನಿನ್ನ ಗಾಡಿ ಹತ್ತ ಸುತ್ತ ಬೀಳಲಾರದಂಗ ಓಡಿತಂದ್ರ ಟೇಬಲ್ ನಿಂದು. ನಾ ನೆಲದಾಗ ಕುಂತು ಕಡೀತೀನಿ. ಬಿತ್ತಂದ್ರ ಎಲ್ಲಾ ಕಿತ್ತು ಮಾಳ್ಯಾಗ ಇಡು."

"ಅವ್ವಾ, ಮಾಳೇಪೆ ರಖ್ಖಾ ತೋ ಸಬ್ ಟೂಟ್ ಜಾಯೇಗಾ," ಎಂದೆ, ಅಟ್ಟದಲ್ಲಿಟ್ಟರೆ ಎಲ್ಲ ಮುರಿದುಹೋಗುತ್ತದೆ ಎಂದು. ಸಿಟ್ಟು ಬಂದಾಗ ನನಗೆ ಹಿಂದಿಯೇ ಬರುತ್ತದೆ.

"ಕನ್ನಡದಾಗ ಸಿಟ್ಟಿಗೇಳು, ತಿಳೀತೈತಿ."

ಶನಿವಾರ ಕೆಳಗಿನ ಮಹಡಿಯ, ನಾವು ಕಾಕು ಎಂದು ಕರೆಯುವ ಹೆಂಗಸು ಬ್ಲೌಸಿನ ಅಳತೆ ಕೊಡಲು ಬಂದರು. ಮರಾಠಿಯವರು, ದಿವಾ ಸ್ಟೇಷನ್ನಿನ ಗದ್ದಲದಲ್ಲಿ ಹುಟ್ಟಿ ಬೆಳೆದವರು. ಟೇಬಲ್ ನೋಡಿ, "ಅಗಬಾಯೀ! ಹೀ ತರ ಆಪಲೀ ಲೋಕಲ್!" ಎಂದು ಬಗ್ಗಿದರು. ನಮ್ಮದೇ ಲೋಕಲ್ ಎಂದು ಅವರು ಗುರುತಿಸಿದ್ದು ನನಗೆ ಒಳಗೊಳಗೇ ಹಿಗ್ಗು. ಆಮೇಲೆ ಪ್ಲಾಟ್‌ಫಾರ್ಮಿನ ಕಡೆ ಕಣ್ಣು ಹಾಯಿಸಿ, "ಪಣ ಗರ್ದೀ ಕುಠೇ ಗೇಲೀ?" ಎಂದರು. ಜನಜಂಗುಳಿ ಎಲ್ಲಿ ಹೋಯಿತು?

ನಿಜ, ನನ್ನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರೂ ಇರಲಿಲ್ಲ. ಜನ ಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಆಜ್ ಮೆಗಾಬ್ಲಾಕ್ ಆಹೇ, ಕಾಕು," ಎಂದು ಅವ್ವ ನನ್ನ ಮಾನ ಉಳಿಸಿದಳು. ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವ ದಿನವಂತೆ. ಕಾಕು ಹೋದ ಮೇಲೆ ತನ್ನ ಡಬ್ಬದಿಂದ ಬಣ್ಣದ ತಲೆಯ ಗುಂಡುಪಿನ್ನುಗಳನ್ನು ತೆಗೆದು ಥರ್ಮಾಕೋಲಿಗೆ ಚುಚ್ಚತೊಡಗಿದಳು. ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿ ಸುಮಾರು ಇಪ್ಪತ್ತು, ಒಂದಕ್ಕೊಂದು ತಾಗಿಸಿ. ಉಳಿದ ಕಡೆ ಅಲ್ಲೊಂದು ಇಲ್ಲೊಂದು. ನಾನು ಗಾಡಿ ಬಿಟ್ಟೆ. ತಿರುವಿನಲ್ಲಿ ಮೂರನೆಯ ಡಬ್ಬಿ ಮಾಮೂಲಿನಂತೆ ಮಲಗಿತು.

ಅವ್ವ ಕನ್ನಡಕ ಏರಿಸಿ ತಂತಿಯನ್ನು ಹತ್ತಿರದಿಂದ ನೋಡಿದಳು. "ಅಳತಿ ಬರೋಬರಿ ಐತಿ. ಅದಕ್ಕ ಬೀಳತೈತಿ."

"ಅಂದ್ರ?"

"ಮೈಯಳತಿಗೆ ಸರಿಯಾಗಿ ಜಂಪರ್ ಹೊಲದ್ರ ಹಾಕ್ಕೊಂಡಾಕಿ ನಿಂತಾಗ ಚಂದ. ಬಸ್ಸಿನಾಗ ಕೈ ಎತ್ತಿ ಹಿಡಕಿ ಹಿಡದ್ಲಂದ್ರ ಟರ್ರ್ ಅಂತ ಹರೀತೈತಿ. ಒಂದ್ ಬೆರಳ ಲೂಜ್ ಬಿಡಬೇಕು. ನಿನ್ನ ಗಾಡಿ ತಿರುಗೂಮುಂದ ಕೈ ಎತ್ತತೈತಿ. ಎತ್ತಾಕ ಜಾಗಾ ಎಲ್ಲಿಟ್ಟೀ?"

ಆರು ವರ್ಷ ಸಂಖ್ಯಾಶಾಸ್ತ್ರ ಓದಿದ ನಾನು ಡಬ್ಬಿಗಳನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಅವ್ವ ತಂತಿ ಕಿತ್ತು ಹಾಕಿ, ಪ್ರತಿ ಡಬ್ಬಿಯ ಒಂದು ತುದಿಗೆ ಬ್ಲೌಸಿನ ಹುಕ್ಕು ಹೊಲಿದಳು. ಎದುರು ಡಬ್ಬಿಗೆ ದಾರದ ಕಾಜಾ, ಅಂದರೆ ಹುಕ್ಕು ಸಿಕ್ಕಿಸುವ ದಾರದ ಕುಣಿಕೆ. ಕಾರ್ಡ್‌ಬೋರ್ಡಿನಲ್ಲಿ ಸೂಜಿ ತೂರಿಸುತ್ತ, "ಕಬ್ಬಣದ ಕಣ್ಣು ಹಾಕಿದ್ರ ಹುಕ್ಕ ಬಿಗೀ ಕುಂದರತೈತಿ. ದಾರ ಇದ್ರ ಅದು ಹೇಳಿದಂಗ ಕೇಳತೈತಿ," ಎಂದಳು. ದಾರ ಎಷ್ಟು ಉದ್ದ ಎಂದು ನಾನು ಸ್ಕೇಲ್ ತಂದೆ. ಅವಳು ಸ್ಕೇಲನ್ನು ಪಕ್ಕಕ್ಕೆ ಸರಿಸಿದಳು.

ಸಂದು ನಾಲ್ಕು ಮಿಲಿಮೀಟರಿಗೆ ಬಂತು. ನನಗೆ ಸಂಕಟವಾಯಿತು. "ಹಿಂದಕ ಓಡಿಸಾಕ ಬರೂದಿಲ್ಲ, ದಾರ ತಳ್ಳೂದಿಲ್ಲಲ್ಲ," ಎಂದಷ್ಟೇ ಹೇಳಿದೆ.

"ಡೊಂಬಿವಲಿ ದಾಟಿದ ಲೋಕಲ್ ಹಿಂದಕ ಬಂದದ್ದು ನೀ ಎಂದರ ನೋಡೀ ಏನ?"

ರವಿವಾರ ಕಾಕು ಪಂಚಾಯ್ತಿಗೆ ಕುಳಿತರು. ಮೊದಲ ಸುತ್ತಿನ ತಿರುವಿನಲ್ಲಿ ನಾನು ಹಳಿಯ ಮಟ್ಟಕ್ಕೆ ಕಣ್ಣಿಟ್ಟು ಬಗ್ಗಿದೆ. ಹುಕ್ಕುಗಳು ದಾರದಲ್ಲಿ ಚೂರು ಜಾರಿ, ಡಬ್ಬಿಗಳು ಸೊಂಟ ತಿರುಗಿಸಿದ ಹಾಗೆ ತಿರುಗಿ ನೇರವಾದವು. ಎರಡು, ಮೂರು, ಆರು. ಎಂಟನೆಯ ಸುತ್ತಿಗೆ ಪ್ಲಾಟ್‌ಫಾರ್ಮಿನ ಅಂಚಿನಲ್ಲಿದ್ದ ಕೆಂಪು ಪಿನ್ನೊಂದು ವಾಲಿ ಹಳಿಯ ಕಡೆ ಬಾಗಿತು. ಗಾಡಿ ಗುಡ್ಡದಿಂದ ಹೊರಬರುತ್ತಿತ್ತು. "ಅಗ ಮಾಗೇ ಹೋ!" ಎಂದು ಕಾಕು ಪಿನ್ನಿಗೇ ಕೂಗಿದರು, ಹಿಂದೆ ಸರಿ ಎಂದು. ಅವ್ವ ಎರಡು ಬೆರಳಲ್ಲಿ ಅದನ್ನು ಕಿತ್ತುಕೊಂಡಳು.

"ಹೊರಗಿನವರು ಕೈ ಹಾಕಬಾರದು," ಎಂದು ನಾನೇ ಹೇಳಿದೆ. ನಿಯಮ ನಿಯಮವೇ.

"ತೀ ಪೋಲೀಸ್ ಆಹೇ. ಚಾಲೇಲ್," ಎಂದು ಕಾಕು ತೀರ್ಪು ಕೊಟ್ಟರು. ಅವಳು ಪೊಲೀಸು, ನಡೆಯುತ್ತದೆ.

ಹತ್ತೂ ಸುತ್ತು ಮುಗಿದವು. ಕಾಕು ಚಪ್ಪಾಳೆ ತಟ್ಟಿದರು. ಅವ್ವ ಚಾಪೆ ಹಾಸಿ, ಕಾಕುವಿನ ನೇರಳೆ ಬ್ಲೌಸ್ ಪೀಸ್ ಬಿಡಿಸಿ, ನೆಲಕ್ಕೆ ಕುಳಿತಳು. ಕೊಟ್ಟ ಮಾತು. ಈ ಸಲ "ಅಯ್ಯ ಶಿವನ" ಅಂದದ್ದು ನನಗೆ ಕೇಳಿಸಬಾರದೆಂದು ಮೆಲ್ಲಗೆ. ಅದೇ ಜಾಸ್ತಿ ಕೇಳಿಸಿತು.

ಸಂಜೆ ಗರಗಸ ತಂದು ಹಲಗೆಯ ಪಕ್ಕ ನಿಂತಾಗ ಅವ್ವ ಗಾಬರಿಯಾದಳು. "ಗೆದ್ದೀಯಲ್ಲ ಬೇ! ಯಾಕ ಕಡ್ಯಾಕತ್ತಿ?"

"ಎರಡ್ ತುಂಡ ಮಾಡ್ತೀನಿ. ದಿವಾನದ ಕೆಳಗ ಹಿಡೀತಾವು. ಕೆಳಗಿನಿಂದ ಬಾಗಿಲಿನ ಕೊಂಡಿ ಹಾಕಿದ್ರ ರವಿವಾರ ರವಿವಾರ ಜೋಡಸಬಹುದು," ಎಂದೆ. ಹಳಿಗಳು ನೇರವಾಗಿ ಸಾಗುವ ನಟ್ಟನಡುವೆ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದಿದ್ದೆ, ಎರಡು ಕಡೆಯೂ ಎರಡಡಿ, ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ.

ಅವ್ವ ಕತ್ತರಿ ಕೆಳಗಿಟ್ಟಳು. ಎದ್ದು, ಗುರುತು ಹಾಕುವ ಚಪ್ಪಟೆ ಚಾಕ್‌ಪೀಸ್ ತಂದು, ನನ್ನ ಗೆರೆಯ ಎರಡೂ ಬದಿಗೆ ಒಂದೊಂದು ನೀಲಿ ಗೆರೆ ಎಳೆದಳು.

"ಗರಗಸ ತಿನ್ನೂದು ಎಲ್ಲಿಂದ ತಿಂತೈತಿ? ಮಾರ್ಜಿನ್ ಬಿಟ್ಟು ಕಡಿ," ಎಂದು, ಹಲಗೆಯ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.